ನಾಯಿಗೆ ಎದುರಾದ ಮೈಕು

ಅಮೆರಿಕದ ವಾರ್ನರ್ ಬ್ರದರ್ಸ್ ಸಂಸ್ಥೆ 1929ರಲ್ಲಿ ತೆರೆಗೆ ತಂದ, ಡಿ. ರಾಸ್ ಲೆಡರ್‌ಮನ್ ನಿರ್ದೇಶನದ ‘ದಿ ಮಿಲಿಯನ್ ಡಾಲರ್ ಕಾಲರ್’, ಮೂಕಿಯುಗ ಮುಗಿಯುತ್ತಿದ್ದರೂ ಟಾಕಿಯುಗ ಇನ್ನೂ ನೆಲೆಯೂರದಿದ್ದ ಸಂಧಿಕಾಲದ ಅಪರಾಧ ಚಿತ್ರ. ಕಳವಿನ ಕಂಠಹಾರವನ್ನು ನಾಯಿಯ ಕೊರಳಪಟ್ಟಿಯಲ್ಲಿ ಅಡಗಿಸುವುದು ಇದರ ಕಥೆಯ ಎಳೆ. ನಾಯಕ, 1918ರಲ್ಲಿ ಫ್ರಾನ್ಸಿನ ರಣಭೂಮಿಯಲ್ಲಿ ಲೀ ಡಂಕನ್ ಎಂಬ ಅಮೆರಿಕನ್ ಸೈನಿಕನಿಗೆ ಮರಿಯಾಗಿ ಸಿಕ್ಕ ಜರ್ಮನ್ ಶೆಫರ್ಡ್ ರಿನ್ ಟಿನ್ ಟಿನ್.

ಕೆಲವೇ ದೃಶ್ಯಗಳಲ್ಲಿ ಸಂಭಾಷಣೆ ಕೇಳಿಸಿ, ಉಳಿದೆಡೆ ಸಂಗೀತದ ಹಿನ್ನೆಲೆಯಲ್ಲಿ ಪರದೆಯ ಬರಹವೇ ಕಥೆಯನ್ನು ಸಾಗಿಸುವ ಇಂಥ ಚಿತ್ರವನ್ನು ಭಾಗಶಃ ವಾಕ್ಚಿತ್ರ ಎನ್ನುತ್ತಾರೆ. ಮೊದಲ ಟಾಕಿಯೆಂದು ಹೆಸರಾದ 1927ರ ‘ದಿ ಜಾಝ್ ಸಿಂಗರ್’ ಕೂಡ, ಬಿಗಿಯಾಗಿ ನೋಡಿದರೆ, ಈ ಬಗೆಯದೇ. ವಾರ್ನರ್ ಬಳಸುತ್ತಿದ್ದ ವೈಟಾಫೋನ್ ಪದ್ಧತಿಯಲ್ಲಿ ಧ್ವನಿ ಫಿಲ್ಮಿನ ಮೇಲೆ ಮುದ್ರಿತವಾಗದೆ, 16 ಅಂಗುಲದ ಪ್ರತ್ಯೇಕ ಗ್ರಾಮಫೋನ್ ತಟ್ಟೆಯಲ್ಲಿರುತ್ತಿದ್ದು, ಸುಮಾರು 11 ನಿಮಿಷದ ಒಂದು ರೀಲಿಗೆ ಒಂದು ತಟ್ಟೆಯಂತೆ ಪ್ರೊಜೆಕ್ಟರಿನ ಜೊತೆಗೇ ತಿರುಗುತ್ತಿದ್ದುದರಿಂದ, ಸೂಜಿ ಜಾರಿದರೆ ತುಟಿಯೊಂದು ಕಡೆ, ಮಾತೊಂದು ಕಡೆ ಆಗುತ್ತಿತ್ತು.

ನಾಯಿಯ ಕಷ್ಟ ಬೇರೆಯೇ ಆಗಿತ್ತು. ಮೂಕಿಚಿತ್ರದಲ್ಲಿ ತರಬೇತುದಾರ ಕ್ಯಾಮೆರಾದ ಪಕ್ಕದಲ್ಲಿ ನಿಂತು ಕೂಗಿ ಆಜ್ಞೆ ಕೊಡಬಹುದಿತ್ತು. ಮೈಕು ಎಲ್ಲವನ್ನೂ ಹಿಡಿಯುವಾಗ ಆ ಸ್ವಾತಂತ್ರ್ಯಕ್ಕೆ ಕತ್ತರಿ ಬಿತ್ತು. ಜನರೂ ನಟರ ಮಾತು ಕೇಳಲು ಮುಗಿಬೀಳುತ್ತಿದ್ದರು. 1929ರ ಕೊನೆಗೆ ವಾರ್ನರ್ ಸಂಸ್ಥೆ ರಿನ್ ಟಿನ್ ಟಿನ್‌ನೊಂದಿಗಿನ ಒಪ್ಪಂದವನ್ನು ಮುಗಿಸಿತು. ಆದರೆ ನಾಯಿಯ ನಟನೆ ಅಲ್ಲಿಗೇ ನಿಲ್ಲಲಿಲ್ಲ: 1930ರಲ್ಲಿ ಮ್ಯಾಸ್ಕಟ್ ಸಂಸ್ಥೆಯ ‘ದಿ ಲೋನ್ ಡಿಫೆಂಡರ್’ ಎಂಬ ಧಾರಾವಾಹಿ ಚಿತ್ರದಲ್ಲಿ ಅದು ಮತ್ತೆ ತೆರೆಗೆ ಬಂದಿತು.