ತವರಿಗೆ ಬರುವ ಪಾತ್ರಗಳು

ಸಾಯಂಕಾಲದ ಪೂಜೆ, ದೀಪ ಮುಗಿದ ಮೇಲಿನ ಎರಡು ಮೂರು ಗಂಟೆಗಳು ನಮ್ಮ ಮನೆಗಳಲ್ಲಿ ಬಹುಮಟ್ಟಿಗೆ ಧಾರಾವಾಹಿಗಳ ಪಾಲಾಗಿ ಎಷ್ಟೋ ವರ್ಷಗಳಾದವು. ಇದನ್ನು ಕುರಿತು ಗೊಣಗುವವರು ಗೊಣಗುತ್ತಲೇ ಇದ್ದಾರೆ, ನೋಡುವವರು ನೋಡುತ್ತಲೇ ಇದ್ದಾರೆ. ಆ ಹಳೆಯ ವಾದವನ್ನು ಮತ್ತೆ ಕೆದಕುವುದು ಈ ಲೇಖನದ ಉದ್ದೇಶವಲ್ಲ. ಧಾರಾವಾಹಿಗಳಲ್ಲಿಯೇ ಒಂದು ವಿಶೇಷವಾದ ಪದ್ಧತಿಯಿದೆ. ಒಂದು ಕಥೆಯ ಪಾತ್ರಗಳು ಇನ್ನೊಂದು ಕಥೆಯ ಮನೆಯ ಹೊಸಿಲು ದಾಟಿ ಒಳಗೆ ಬರುತ್ತವೆ. ಎರಡು ಅರ್ಧ ಗಂಟೆಗಳು ಬೆಸೆದು ಒಂದು ಗಂಟೆಯಾಗುತ್ತದೆ. ವಾಹಿನಿಯವರು ಇದಕ್ಕೆ 'ಮಹಾಸಂಗಮ' ಎಂದು ಹೆಸರಿಟ್ಟು ನಾಲ್ಕು ದಿನ ಮೊದಲೇ ಡಂಗುರ ಹೊಡೆಯುತ್ತಾರೆ. ಅದರ ಬಗೆಗೆ ನಾಲ್ಕು ಮಾತು.

ಸಂಗಮವೆಂಬ ಶಬ್ದ ನಮ್ಮ ಓದುಗರ ಕಿವಿಗೆ ಹಗುರವಾದುದಲ್ಲ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಕೂಡಿದ ಮೇಲೆ ಮುಂದೆ ಹರಿಯುವುದು ಒಂದೇ ನದಿ. ಕಿರುತೆರೆಯ ಸಂಗಮದಲ್ಲಾದರೋ ಒಂದು ವಾರ ಒಟ್ಟಿಗೆ ಹರಿದ ಎರಡು ನೀರು ಮರುವಾರ ತಮ್ಮ ತಮ್ಮ ಕಾಲುವೆಗೆ ಹಿಂದಿರುಗುತ್ತವೆ. ಹಾಗಾದರೆ ಇದು ಬರಿಯ ವ್ಯಾಪಾರದ ಹೂಟವೇ? ವ್ಯಾಪಾರ ಇಲ್ಲವೆನ್ನಲಾಗದು. ಪ್ರತಿ ಗುರುವಾರ ಹೊರಬೀಳುವ ಟಿ.ಆರ್.ಪಿ. ಅಂಕಿಗಳ ಮೇಲೆ ವಾಹಿನಿಗಳ ಕಣ್ಣು. ಜನ ಮೆಚ್ಚಿದ ಒಂದು ಕಥೆಯ ಕೈ ಹಿಡಿಸಿ, ಇನ್ನೂ ನೆಲೆ ನಿಲ್ಲದ ಮತ್ತೊಂದು ಕಥೆಯನ್ನು ನಾಲ್ಕು ಜನರೆದುರು ನಿಲ್ಲಿಸುವುದು ಹಳೆಯ ಉಪಾಯ. ಆದರೆ ಎಲ್ಲ ಸಂಗಮಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗದು. ಪರಸ್ಪರ ಪರಿಚಯವೇ ಇಲ್ಲದ ಎರಡು ಮನೆತನಗಳನ್ನು ಯಾವುದೋ ಜಾತ್ರೆಯ, ಯಾವುದೋ ಮದುವೆಯ ನೆಪದಲ್ಲಿ ಒಂದೇ ಚಪ್ಪರದ ಕೆಳಗೆ ಕೂರಿಸುವುದು ಒಂದು ಬಗೆ. ಒಂದು ಕಥೆಯಿಂದಲೇ ಟಿಸಿಲೊಡೆದು ಬೇರೆ ಮನೆ ಮಾಡಿದ ಪಾತ್ರ, ಮೂಲದ ಮನೆಗೆ ಮರಳಿ ಬರುವುದು ಇನ್ನೊಂದು ಬಗೆ. ಮೊದಲನೆಯದು ಬಸ್ ನಿಲ್ದಾಣದ ಭೇಟಿ. ಎರಡನೆಯದು ಮಗಳು ತವರಿಗೆ ಬಂದ ಹಾಗೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಕಲರ್ಸ್ ಕನ್ನಡ ವಾಹಿನಿಯಲ್ಲಿದೆ. 2022ರಲ್ಲಿ ಆರಂಭವಾದ 'ಭಾಗ್ಯಲಕ್ಷ್ಮೀ' ಧಾರಾವಾಹಿ ಭಾಗ್ಯ ಮತ್ತು ಲಕ್ಷ್ಮಿ ಎಂಬ ಅಕ್ಕತಂಗಿಯರ ಕಥೆ. ಹೆಸರಿನಲ್ಲಿಯೇ ಇಬ್ಬರೂ ಇದ್ದಾರೆ. ತಂಗಿಗೊಂದು ಒಳ್ಳೆಯ ಮನೆ ಸಿಗಬೇಕೆಂಬುದೇ ಅಕ್ಕನ ಹಂಬಲ. 2023ರಲ್ಲಿ ಲಕ್ಷ್ಮಿಯ ಬಾಳಿನ ಕಥೆ 'ಲಕ್ಷ್ಮೀ ಬಾರಮ್ಮ' ಎಂಬ ಪ್ರತ್ಯೇಕ ಧಾರಾವಾಹಿಯಾಗಿ ಹೊರಟಿತು. ಅಕ್ಕನ ಪಾತ್ರದಲ್ಲಿ ಸುಷ್ಮಾ ರಾವ್, ತಂಗಿಯ ಪಾತ್ರದಲ್ಲಿ ಭೂಮಿಕಾ ರಮೇಶ್. ಹೆಣ್ಣು ಕೊಟ್ಟು ಕಳಿಸಿದಂತೆ ಕಥೆಯನ್ನೂ ಕೊಟ್ಟು ಕಳಿಸಿದರೆಂದು ಹೇಳಬಹುದು. ಟಿಸಿಲೊಡೆಯುವುದಕ್ಕೆ ಇದಕ್ಕಿಂತ ಸಹಜವಾದ ಕಾರಣ ನಮ್ಮ ಸಮಾಜದಲ್ಲಿ ಇನ್ನಾವುದಿದ್ದೀತು? ತವರಿನಲ್ಲಿ ಅಕ್ಕನ ಸಂಸಾರ ಸರಿಯಿಲ್ಲ; ಗಂಡ ತಾಂಡವನಿಗೆ ಆಕೆಯ ಓದು ಕಡಿಮೆಯೆಂಬ ತಾತ್ಸಾರ. ಅತ್ತೆ ಕುಸುಮ ಮಾತ್ರ ಮಗನನ್ನು ಬಿಟ್ಟು ಸೊಸೆಯ ಪಕ್ಷ ವಹಿಸುತ್ತಾಳೆ. ಅತ್ತೆಯೆಂದರೆ ವಿಷದ ಬಟ್ಟಲು ಹಿಡಿದವಳೇ ಆಗಬೇಕೆಂಬ ಕಿರುತೆರೆಯ ಕಟ್ಟಳೆಯನ್ನು ಮುರಿದುದಕ್ಕೆ ಈ ಪಾತ್ರ ಬರೆದವರಿಗೂ, ಅದನ್ನು ನಿರ್ವಹಿಸಿದ ಪದ್ಮಜಾ ರಾವ್ ಅವರಿಗೂ ಒಂದು ಶರಣು ಸಲ್ಲಬೇಕು. ಇತ್ತ ತಂಗಿಯ ಮನೆಯಲ್ಲಿ ಬೇರೆಯ ಬಗೆಯ ಕಷ್ಟ. ಅಕ್ಕನ ನೋವು ತಂಗಿಗೆ ತಿಳಿಯದಂತೆ, ತಂಗಿಯ ನೋವು ಅಕ್ಕನಿಗೆ ತಿಳಿಯದಂತೆ ಇಬ್ಬರೂ ಬಚ್ಚಿಡುತ್ತಾರೆ. ನೋಡುವವರಿಗೆ ಮಾತ್ರ ಎರಡೂ ಗೊತ್ತು. ಇಬ್ಬರೂ ಎದುರಾದಾಗ ಮಾತಿಗಿಂತ ಮುಚ್ಚಿಟ್ಟುದೇ ಹೆಚ್ಚು ಕೇಳಿಸುತ್ತದೆ. ಎರಡು ಧಾರಾವಾಹಿಗಳನ್ನು ಬೆಸೆದುದಕ್ಕೆ ದೊರೆಯುವ ನಿಜವಾದ ಫಲ ಇದು. ಒಂದೇ ಕಥೆಯೊಳಗೆ ಇದು ಇಷ್ಟು ಬಲವಾಗಿ ಬರಲಾರದು.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುವುದು ಮೇಲು. 'ಲಕ್ಷ್ಮೀ ಬಾರಮ್ಮ' ಎಂಬ ಹೆಸರು ಹೊಸದಲ್ಲ. 2013ರಲ್ಲಿ ಈಟಿವಿ ಕನ್ನಡದಲ್ಲಿ ಆರಂಭವಾಗಿ, 2015ರಲ್ಲಿ ಆ ವಾಹಿನಿಯೇ ಕಲರ್ಸ್ ಕನ್ನಡವೆಂದು ಹೆಸರು ಬದಲಿಸಿದ ಮೇಲೂ ಮುಂದುವರಿದು, 2020ರವರೆಗೆ ನಡೆದ 'ಲಕ್ಷ್ಮೀ ಬಾರಮ್ಮ' ಬೇರೆಯದೇ ಕಥೆ. ನೇಹಾ ಗೌಡ ಅವರ ಗೊಂಬೆ ಪಾತ್ರವನ್ನು ಮನೆಮಾತಾಗಿಸಿದ್ದು ಅದು. ಅದಕ್ಕೂ ಭಾಗ್ಯಳ ತಂಗಿಗೂ ನಂಟಿಲ್ಲ; ಹೆಸರು ಮಾತ್ರ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟಂತೆ. ಹಾಗೆಯೇ 2012ರಲ್ಲಿ ಆರಂಭವಾದ 'ಪುಟ್ಟಗೌರಿ ಮದುವೆ'ಯಿಂದ 2018ರಲ್ಲಿ 'ಮಂಗಳಗೌರಿ ಮದುವೆ' ಹುಟ್ಟಿತು. ಆದರೆ ಅಲ್ಲಿ ಮೂಲದ ಕಥೆ ನಿಂತು ಟಿಸಿಲೇ ಮರವಾಯಿತು. ತವರೇ ಇಲ್ಲದ ಮೇಲೆ ತವರಿಗೆ ಬರುವ ಪ್ರಶ್ನೆಯೂ ಇಲ್ಲ.

ಈ ಪದ್ಧತಿಯನ್ನು ಹದಕ್ಕೆ ತಂದವರು ಅಮೆರಿಕದ ಹಾಸ್ಯ ಧಾರಾವಾಹಿಗಳವರು. 1963ರ 'ಪೆಟಿಕೋಟ್ ಜಂಕ್ಷನ್' ಮತ್ತು 1965ರ 'ಗ್ರೀನ್ ಏಕರ್ಸ್' ಎಂಬ ಎರಡು ಧಾರಾವಾಹಿಗಳು ಹೂಟರ್‌ವಿಲ್ ಎಂಬ ಒಂದೇ ಕಾಲ್ಪನಿಕ ಹಳ್ಳಿಯಲ್ಲಿ ನಡೆಯುತ್ತವೆ. ಆ ಹಳ್ಳಿಗೊಂದು ದಿನಸಿ ಅಂಗಡಿ. ಅಂಗಡಿಯ ಯಜಮಾನ ಸ್ಯಾಮ್ ಡ್ರಕರ್. ಫ್ರಾಂಕ್ ಕೇಡಿ ಎಂಬ ನಟ ಈ ಒಂದೇ ಪಾತ್ರವನ್ನು ಎರಡೂ ಕಥೆಗಳಲ್ಲಿ ನಿರ್ವಹಿಸಿದರು. ಶಿರಾ ಪೇಟೆಯಲ್ಲಿ ಹತ್ತು ಹಳ್ಳಿಯವರ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂರುತ್ತಿದ್ದ ಹಳೆಯ ಅಂಗಡಿಯವರನ್ನು ಕಂಡವರಿಗೆ ಇದರ ಸೊಗಸು ವಿವರಿಸಬೇಕಾಗಿಲ್ಲ. ಯಾರ ಮನೆಯ ಕಥೆಯಾದರೂ ಒಮ್ಮೆ ಅವರ ಗಲ್ಲಾಪೆಟ್ಟಿಗೆಯ ಮುಂದೆ ಹಾದುಹೋಗಲೇಬೇಕು.

1971ರ ಡಿಸೆಂಬರಿನಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಎಂಬ ಪ್ರಸಿದ್ಧ ಧಾರಾವಾಹಿಯ ಮನೆಯಲ್ಲಿ ಎಲ್ಲರಿಗೂ ಕಾಯಿಲೆ. ಶುಶ್ರೂಷೆಗೆಂದು ಮನೆಯೊಡತಿಯ ಸೋದರಸಂಬಂಧಿ ಮಾಡ್ ಎಂಬಾಕೆ ಬರುತ್ತಾಳೆ. ಮನೆಯ ಯಜಮಾನನಿಗೂ ಆಕೆಗೂ ಎಣ್ಣೆ ಸೀಗೆಕಾಯಿ. ಒಂದೇ ಸಂಚಿಕೆಯಲ್ಲಿ ಆಕೆ ಎಷ್ಟು ಮೆಚ್ಚುಗೆಯಾದಳೆಂದರೆ 1972ರಲ್ಲಿ ಆಕೆಯ ಹೆಸರಿನದೇ ಧಾರಾವಾಹಿ ಬಂತು. ಆಕೆಯ ಮನೆಗೆಲಸದ ಫ್ಲಾರಿಡಾಳಿಗೆ 1974ರಲ್ಲಿ ಇನ್ನೊಂದು. ಮೂಲದ ಮನೆಯ ನೆರೆಯವರಾದ ಜೆಫರ್ಸನ್ ದಂಪತಿಗಳು 1975ರಲ್ಲಿ ಬೇರೆ ಮನೆ ಹೂಡಿ 1985ರವರೆಗೆ ಬಾಳಿದರು. ಒಂದು ಬೀಜದಿಂದ ಮಗಳು, ಮೊಮ್ಮಗಳು, ನೆರೆಮನೆ!

ನನ್ನ ಮಟ್ಟಿಗೆ ಇವುಗಳಲ್ಲೆಲ್ಲ ಶ್ರೇಷ್ಠವಾದ ತವರಿನ ಭೇಟಿ 1995ರದು. 'ಚಿಯರ್ಸ್' ಎಂಬ ಧಾರಾವಾಹಿ 1982ರಿಂದ 1993ರವರೆಗೆ ಬಾಸ್ಟನ್ ನಗರದ ಒಂದು ಮದ್ಯದಂಗಡಿಯಲ್ಲಿ ನಡೆಯುವ ಕಥೆ. (ಮದ್ಯದಂಗಡಿಯ ಪ್ರಸ್ತಾಪವನ್ನು ಹಿರಿಯರು ಮನ್ನಿಸಬೇಕು, ನಮಗೆ ಬೇಕಾದುದು ಅಲ್ಲಿ ಕುಳಿತವರ ಮಾತು ಮಾತ್ರ.) ಅಲ್ಲಿಗೆ ಬರುತ್ತಿದ್ದ ಫ್ರೇಸಿಯರ್ ಎಂಬ ಮನೋವೈದ್ಯ ತನ್ನ ತಂದೆ ವಿಜ್ಞಾನಿಯಾಗಿದ್ದರು, ಈಗ ತೀರಿಕೊಂಡಿದ್ದಾರೆ ಎಂದು ಗೆಳೆಯರಿಗೆ ಹೇಳಿಕೊಂಡಿದ್ದ. 1993ರಲ್ಲಿ ಅವನ ಹೆಸರಿನದೇ ಧಾರಾವಾಹಿ ಸಿಯಾಟಲ್ ನಗರದಲ್ಲಿ ಆರಂಭವಾಯಿತು. ನೋಡಿದರೆ ತಂದೆ ಬದುಕಿದ್ದಾರೆ! ವಿಜ್ಞಾನಿಯೂ ಅಲ್ಲ, ನಿವೃತ್ತ ಪೊಲೀಸ್. ಮಗನ ಜೊತೆಯಲ್ಲಿಯೇ ಇದ್ದಾರೆ. ಬರೆದವರು ಹಿಂದಿನದನ್ನು ಮರೆತರೆಂದು ನಗುವವರು ನಗಬಹುದಿತ್ತು. ಆದರೆ 1995ರಲ್ಲಿ ಬಾಸ್ಟನ್ನಿನ ಹಳೆಯ ಗೆಳೆಯ ಸ್ಯಾಮ್ ಅತಿಥಿಯಾಗಿ ಬಂದು ಆ ತಂದೆಯನ್ನು ಕಂಡು ಚಕಿತನಾಗುತ್ತಾನೆ: ನಿಮ್ಮಪ್ಪ ತೀರಿಕೊಂಡರೆಂದು ಹೇಳಿದ್ದೆಯಲ್ಲ! ಆಗ ತನಗೂ ತಂದೆಗೂ ಜಗಳವಾಗಿತ್ತೆಂದು ಫ್ರೇಸಿಯರ್ ಒಪ್ಪಿಕೊಳ್ಳಬೇಕಾಗುತ್ತದೆ. ಮುನಿಸಿನಲ್ಲಿ ಹೆತ್ತ ತಂದೆಯನ್ನು ಬಾಯಲ್ಲಿ ಕೊಂದ ಮಗ, ತಂದೆಯ ಎದುರಿನಲ್ಲಿಯೇ ಸಿಕ್ಕಿಬೀಳುತ್ತಾನೆ. ಜನ ನಗುತ್ತಾರೆ. ಆದರೆ ಆ ನಗೆಯ ಕೆಳಗೆ ಎಷ್ಟು ಮನೆಗಳ ಗುಟ್ಟಿದೆ! ಬರೆವಣಿಗೆಯ ಒಂದು ಬಿರುಕು ಪಾತ್ರದ ಮನಸ್ಸಿನ ಬಿರುಕಾಗಿ ಮಾರ್ಪಟ್ಟಿತು. ಹಳೆಯ ಮನೆಯಿಂದ ಬಂದವನೊಬ್ಬನಿಗೆ ಮಾತ್ರ ಸಾಧ್ಯವಾದ ಕೆಲಸ ಅದು. ತವರಿನವರಿಗೆ ನಮ್ಮ ಹಳೆಯದೆಲ್ಲ ನೆನಪಿರುತ್ತದೆಯಲ್ಲವೇ?

ಇದೆಲ್ಲ ಹೊರಗಿನಿಂದ ಬಂದ ಹೊಸ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ತುಮಕೂರು ಸೀಮೆಯ ಹಳ್ಳಿಗಳಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ನೋಡಿ ಬೆಳೆದವರಿಗೆ ಸೌಗಂಧಿಕಾ ಪುಷ್ಪದ ಪ್ರಸಂಗ ಗೊತ್ತೇ ಇದೆ. ದ್ರೌಪದಿಗೆ ಹೂ ತರಲು ಹೊರಟ ಭೀಮನ ದಾರಿಗೆ ಅಡ್ಡಲಾಗಿ ಮುದಿ ಕಪಿಯೊಂದು ಬಾಲ ಚಾಚಿ ಮಲಗಿರುತ್ತದೆ. ಆತ ರಾಮಾಯಣದ ಆಂಜನೇಯ! ಇಬ್ಬರೂ ವಾಯುಪುತ್ರರು, ಅಣ್ಣತಮ್ಮಂದಿರು. ಬಾಲವನ್ನು ಎತ್ತಲಾರದೆ ಭೀಮನ ಗರ್ವ ಇಳಿಯುತ್ತದೆ. ಅಣ್ಣ ಮುಂದೆ ಅರ್ಜುನನ ರಥದ ಧ್ವಜದಲ್ಲಿ ನೆಲೆಸುವ ಮಾತು ಕೊಡುತ್ತಾನೆ. ಒಂದು ಕಾವ್ಯದವನು ಇನ್ನೊಂದು ಕಾವ್ಯಕ್ಕೆ ಬಂದು ಬರಿಗೈಯಲ್ಲಿ ಹಿಂದಿರುಗಲಿಲ್ಲ, ಆ ಕಾವ್ಯವನ್ನೂ ಮೊದಲಿದ್ದಂತೆ ಬಿಡಲಿಲ್ಲ.

ನಮ್ಮ ಶರಣ ಸಾಹಿತ್ಯವನ್ನು ಕಿರುತೆರೆಯ ಪಕ್ಕದಲ್ಲಿಡುವುದು ಸಲ್ಲದೆಂದು ಕೆಲವರಿಗೆ ಅನ್ನಿಸೀತು. ಎರಡರ ತೂಕ ಒಂದೆಂದು ನಾನು ಹೇಳುತ್ತಿಲ್ಲ. ಭೇಟಿಯೆಂದರೆ ಹೇಗಿರಬೇಕೆಂಬುದಕ್ಕೆ ಅಳತೆಗೋಲು ಅಲ್ಲಿದೆ. ಹರಿಹರ ಕವಿ ಬಸವಣ್ಣನವರನ್ನು, ಪ್ರಭುದೇವರನ್ನು, ಮಹಾದೇವಿಯಕ್ಕನನ್ನು ಬೇರೆ ಬೇರೆ ರಗಳೆಗಳಲ್ಲಿ ಹಾಡಿದ. ಶೂನ್ಯಸಂಪಾದನೆಯಲ್ಲಿ ಅವರೆಲ್ಲ ಕಲ್ಯಾಣದಲ್ಲಿ ಮುಖಾಮುಖಿಯಾಗುತ್ತಾರೆ. ಅದರ ಸಂಪಾದಕರಲ್ಲಿ ಒಬ್ಬರಾದ ಸಿದ್ಧವೀರಣಾರ್ಯರು ನಮ್ಮ ಜಿಲ್ಲೆಯ ಗೂಳೂರಿನವರು. ಅಲ್ಲಿ ಅಕ್ಕ ಬಂದಳೆಂದು ಹೂಮಾಲೆ ಹಾಕಿ ಕೂರಿಸುವುದಿಲ್ಲ. ಅಲ್ಲಮ ಆಕೆಯನ್ನು ಒರೆಗೆ ಹಚ್ಚುತ್ತಾನೆ, ಆಕೆ ಉತ್ತರಿಸುತ್ತಾಳೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮ, ಪ್ರಭುವನ್ನು ಕಂಡ ಮೇಲೆ ಹಿಂದಿನ ಸಿದ್ಧರಾಮನಾಗಿ ಉಳಿಯುವುದಿಲ್ಲ.

ಈ ಅಳತೆಗೋಲನ್ನು ಹಿಡಿದರೆ ಇಂದಿನ ಮಹಾಸಂಗಮಗಳ ಕೊರತೆ ಎಲ್ಲಿದೆಯೆಂಬುದು ಕಾಣುತ್ತದೆ. ಅಬ್ಬರ ಹೆಚ್ಚಾದುದು ಕೊರತೆಯಲ್ಲ. ಜಾತ್ರೆಯೆಂದ ಮೇಲೆ ಅಬ್ಬರ ಇರಲೇಬೇಕು. ಬಂದು ಹೋದವರನ್ನು ಮನೆ ಮರೆತುಬಿಡುವುದೇ ಕೊರತೆ. ಒಂದು ವಾರ ಕೂಡಿ ಅತ್ತವರು ಮರುವಾರ ತಮ್ಮ ಕಥೆಯಲ್ಲಿ ಆ ಅಳುವಿನ ಸೊಲ್ಲೆತ್ತುವುದಿಲ್ಲ. ಒಂದನ್ನು ಮಾತ್ರ ನೋಡುವವರಿಗೆ ತಿಳಿಯದೆಂಬ ಭಯದಿಂದ ಬರೆಯುವವರು ಎಲ್ಲವನ್ನೂ ಒರೆಸಿಬಿಡುತ್ತಾರೆ. ಎರಡನ್ನೂ ನಂಬಿಕೆಯಿಂದ ನೋಡಿದ ಗೃಹಿಣಿಗೆ ಇದರಿಂದ ಆಗುವ ಅನ್ಯಾಯ ಸಣ್ಣದಲ್ಲ. ಅಡುಗೆಯನ್ನು ಹಿಂದುಮುಂದು ಮಾಡಿಕೊಂಡು, ಮಕ್ಕಳ ಪಾಠವನ್ನು ಮುಂದೂಡಿ ಆಕೆ ಕೊಟ್ಟ ಒಂದು ಗಂಟೆಗೆ ಕಥೆ ಲೆಕ್ಕ ಒಪ್ಪಿಸಬೇಡವೇ?

ಅಬ್ಬರವಿಲ್ಲದೆಯೂ ಪಾತ್ರಗಳು ಮನೆಯಿಂದ ಮನೆಗೆ ನಡೆದುಹೋಗಬಲ್ಲವು. ಟಿ.ಎನ್. ಸೀತಾರಾಮ್ ಅವರ ವಕೀಲ ಸಿ.ಎಸ್.ಪಿ. 'ಮುಕ್ತ'ದಲ್ಲಿದ್ದರು, 'ಮುಕ್ತ ಮುಕ್ತ'ದಲ್ಲಿದ್ದರು, 2018ರ 'ಮಗಳು ಜಾನಕಿ'ಯಲ್ಲಿಯೂ ಕರಿಕೋಟು ತೊಟ್ಟು ಬಂದರು. ಯಾವ ಡಂಗುರವೂ ಇಲ್ಲ; ನ್ಯಾಯಾಲಯದ ಬಾಗಿಲು ತೆರೆಯಿತು, ನಮ್ಮ ಹಳೆಯ ವಕೀಲರು ಒಳಗೆ ಬಂದರು, ಅಷ್ಟೆ. 1998ರಲ್ಲಿ ಬೆಂಗಳೂರು ದೂರದರ್ಶನದಲ್ಲಿ ಮೂಡಿಬಂದ 'ಮಾಯಾಮೃಗ' 2022ರಲ್ಲಿ 'ಮತ್ತೆ ಮಾಯಾಮೃಗ'ವಾಗಿ ಸಿರಿ ಕನ್ನಡ ವಾಹಿನಿಗೆ ಬಂದಾಗ, 24 ವರ್ಷ ಹಿಂದಿನ ಮನೆಯವರನ್ನು ಜನ ನೆನಪಿಟ್ಟುಕೊಂಡಿರುತ್ತಾರೆಂಬ ನಂಬಿಕೆಯ ಮೇಲೆಯೇ ಅದು ನಿಂತಿತ್ತು. ಹಾಸ್ಯದಲ್ಲಿ ಮಾತ್ರ ನಾವು ಈ ಹಾದಿಯಲ್ಲಿ ಹೆಚ್ಚು ನಡೆದಿಲ್ಲ. ಹಿಂದಿಯ 'ಭಾಬೀಜಿ ಘರ್ ಪರ್ ಹೈ' ಧಾರಾವಾಹಿಯ ದರೋಗ ಹಪ್ಪು ಸಿಂಗನಿಗೆ 2019ರಲ್ಲಿ ಅವನದೇ ಸಂಸಾರದ ಧಾರಾವಾಹಿ ದೊರೆಯಿತು. ನಮ್ಮ 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠಲರಾಯರು ಒಂದು ದಿನ 'ಪಾಪ ಪಾಂಡು'ವಿನ ನಾಡಿ ಹಿಡಿದು ನೋಡಿದ್ದರೆ ಹೇಗಿರುತ್ತಿತ್ತೆಂದು ಊಹಿಸಿಕೊಂಡು ನಗುವ ಸುಖ ನಮ್ಮ ಪಾಲಿನದು.

'ಲಕ್ಷ್ಮೀ ಬಾರಮ್ಮ' 2025ರಲ್ಲಿ ಮುಗಿಯಿತು. ಅಕ್ಕನ ಕಥೆ ಅದರಾಚೆಗೂ ಸಾಗಿತು. ಮುಗಿದ ಆ ವಾರ ನಮ್ಮ ಬೀದಿಯ ಅಜ್ಜಿಯೊಬ್ಬರು ಮೊರದ ತುಂಬ ಕಡಲೆಕಾಯಿ ಇಟ್ಟುಕೊಂಡು ಸುಲಿಯುತ್ತ ಸೊಸೆಯನ್ನು ಕೇಳುತ್ತಿದ್ದರು: "ಕಥೆ ಮುಗೀತು ಅಂದ್ರೆ ಮುಗೀಲಿ ಕಣಮ್ಮ. ಆ ಹುಡುಗಿ ಗೌರಿ ಹಬ್ಬಕ್ಕೆ ಅಕ್ಕನ ಮನೆಗೆ ಬರ್ತಾಳೋ ಇಲ್ವೋ?"