ಒಂದೇ ಅಣುವಿನ ಎರಡು ತುದಿ

ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಸ್ವಭಾವತಃ ಒಂಟಿ ಯಂತ್ರ. ತಲೆಗೆ ಕಟ್ಟಿಕೊಂಡ ಕೂಡಲೇ ಕೋಣೆ, ಬೆಂಚು, ಪಕ್ಕದ ಸಹಪಾಠಿ ಎಲ್ಲವೂ ಕಣ್ಮರೆ. ಇಂಥದ್ದನ್ನು ವಿಶ್ವವಿದ್ಯಾಲಯಗಳು ಗುಂಪಾಗಿ ಕಲಿಯುವುದಕ್ಕೆ ಬಳಸತೊಡಗಿವೆ. ಮರೆಯಾದ ಸಹಪಾಠಿಯನ್ನು ಯಂತ್ರ ಮತ್ತೆ ಒಳಗೆ ಕರೆತರುವ ಬಗೆಯಲ್ಲೇ ಅದರ ಉಪಯೋಗವೂ ಮಿತಿಯೂ ಇವೆ.

ಹೆಡ್‌ಸೆಟ್ ಪ್ರತಿ ಕಣ್ಣಿಗೂ ಬೇರೆ ಚಿತ್ರ ತೋರಿಸುತ್ತದೆ. ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರ್ ಅಂತರವಿರುವುದರಿಂದ ಅವು ಕಾಣುವ ನೋಟ ತುಸು ಬೇರೆ. ಆ ವ್ಯತ್ಯಾಸದಿಂದ ಮಿದುಳು ಆಳವನ್ನು ಗ್ರಹಿಸುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ 1838ರಲ್ಲೇ ಕನ್ನಡಿಗಳ ಉಪಕರಣದಿಂದ ಇದನ್ನು ತೋರಿಸಿಕೊಟ್ಟಿದ್ದರು. ನಂತರ ಸೇರಿಕೊಂಡದ್ದು, ತಲೆ ತಿರುಗಿದಂತೆ ಚಿತ್ರವೂ ತಿರುಗುವ ವ್ಯವಸ್ಥೆ. 1968ರಲ್ಲಿ ಐವಾನ್ ಸದರ್ಲೆಂಡ್ ಕಟ್ಟಿದ ಸಾಧನಕ್ಕೆ ಅದಕ್ಕಾಗಿ ಛಾವಣಿಯಿಂದ ಇಳಿಬಿಟ್ಟ ಯಾಂತ್ರಿಕ ತೋಳು ಬೇಕಾಗಿತ್ತು. ಈಗ ಆ ಕೆಲಸವನ್ನು ಹೊರಮೈಯ ಪುಟ್ಟ ಕ್ಯಾಮೆರಾಗಳು, ಒಳಗಿನ ಗೈರೊಸ್ಕೋಪು ಮಾಡುತ್ತವೆ. ಚಿತ್ರ 20 ಮಿಲಿಸೆಕೆಂಡಿನೊಳಗೆ ತಲೆಯನ್ನು ಹಿಂಬಾಲಿಸಬೇಕು. ತಡವಾದಷ್ಟೂ ಹೊಟ್ಟೆ ತೊಳಸುತ್ತದೆ. ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದುವವರ ಪಾಡು ಇದೇ, ತಿರುವುಮುರುವಾಗಿ: ಅಲ್ಲಿ ಮೈ ಅಲುಗುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ, ಇಲ್ಲಿ ತಲೆ ನಿಂತ ಮೇಲೂ ಕಣ್ಣಿಗೆ ಅಲುಗಾಟ ಕಾಣುತ್ತದೆ.

ಹತ್ತು ಜನ ಹತ್ತು ಊರುಗಳಿಂದ ಒಂದೇ ಕೃತಕ ಕೋಣೆಗೆ ಬಂದಾಗ ಅವರ ನಡುವೆ ವಿಡಿಯೊ ಹರಿಯುತ್ತದೆಂದು ತೋರಬಹುದು. ಬಹುತೇಕ ಏರ್ಪಾಡುಗಳಲ್ಲಿ ಹಾಗೆ ಆಗುವುದಿಲ್ಲ. ಫೋನಿನಲ್ಲಿ ಚದುರಂಗ ಆಡುವ ಇಬ್ಬರ ಬಳಿಯೂ ಒಂದೊಂದು ಹಾಸು ಇರುತ್ತದೆ, ತಂತಿಯಲ್ಲಿ ಸಾಗುವುದು ನಡೆ ಮಾತ್ರ. ಹಾಗೆಯೇ ಕೋಣೆ, ಮೇಜು, ಅಸ್ಥಿಪಂಜರ ಪ್ರತಿ ಯಂತ್ರದಲ್ಲೂ ಮೊದಲೇ ಇರುತ್ತವೆ. ರವಾನೆಯಾಗುವುದು ತಲೆ ಮತ್ತು ಎರಡು ಕೈಗಳ ಸ್ಥಾನ, ದಿಕ್ಕು. ಸ್ಥಾನಕ್ಕೆ ಮೂರು ಸಂಖ್ಯೆ, ದಿಕ್ಕಿಗೆ ನಾಲ್ಕು, ಒಟ್ಟು 21. ಪ್ರತಿ ಸಂಖ್ಯೆಗೆ ನಾಲ್ಕು ಬೈಟ್ ಹಿಡಿದು ಸೆಕೆಂಡಿಗೆ 30 ಬಾರಿ ಕಳಿಸಿದರೂ ಎರಡೂವರೆ ಕಿಲೋಬೈಟ್ ಆದೀತು. ಎರಡು ಸಂದೇಶಗಳ ನಡುವಿನ ಖಾಲಿಯನ್ನು ಯಂತ್ರ ಅಂದಾಜಿನಿಂದ ತುಂಬಿ, ಪ್ರತಿಯೊಬ್ಬರ ಪ್ರತಿರೂಪವನ್ನು ಮೂಡಿಸುತ್ತದೆ. ಸಂಸ್ಕೃತದಿಂದ ಹೊರಟು ಇಂಗ್ಲಿಷ್ ಸುತ್ತಿ ಮರಳಿದ ‘ಅವತಾರ’ ಎಂಬ ಹೆಸರಿನ ಈ ಪ್ರತಿರೂಪಗಳಿಗೆ ಅನೇಕ ಕಡೆ ಸೊಂಟದ ಕೆಳಗೆ ಏನೂ ಇರುವುದಿಲ್ಲ. ಕಾಲು ಎಲ್ಲಿದೆಯೆಂದು ಹೆಡ್‌ಸೆಟ್‌ಗೆ ತಿಳಿಯದು, ಅಷ್ಟೆ.

ಇಬ್ಬರು ಒಂದೇ ವಸ್ತುವಿಗೆ ಕೈ ಹಾಕಿದರೆ? ಮೊದಲು ಹಿಡಿದವರಿಗೆ ಅದು ಸೇರಿತೆನ್ನುವುದು ಸುಲಭದ ನಿಯಮ. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಗ್ಲೊವಾಕಿ ಅವರ ತಂಡ ಇನ್ನೂ ಸ್ವಾರಸ್ಯದ ದಾರಿ ಹಿಡಿಯಿತು. ಅವರ ವ್ಯವಸ್ಥೆಯಲ್ಲಿ ಅಣುವಿನ ಒಳಗಿನ ಬಲಗಳನ್ನು ಒಂದು ಕಂಪ್ಯೂಟರ್ ಎಡೆಬಿಡದೆ ಲೆಕ್ಕ ಹಾಕುತ್ತಿರುತ್ತದೆ. ಕೋಣೆಯಲ್ಲಿರುವವರು ಕೈಯ ಕಂಟ್ರೋಲರ್‌ನಿಂದ ಪರಮಾಣುವೊಂದನ್ನು ಹಿಡಿದು ಎಳೆದರೆ ಆ ಎಳೆತವೂ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಒಬ್ಬರು ಒಂದು ತುದಿ, ಇನ್ನೊಬ್ಬರು ಮತ್ತೊಂದು ತುದಿ ಹಿಡಿಯಬಹುದು. ಅಣು ಬಾಗುತ್ತದೆ, ಹೊರಳುತ್ತದೆ, ಬಿಟ್ಟರೆ ನಡುಗುತ್ತ ತನಗೊಪ್ಪುವ ಆಕಾರಕ್ಕೆ ಮರಳುತ್ತದೆ. ಅರುವತ್ತು ಇಂಗಾಲದ ಪರಮಾಣುಗಳ ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಲೂಬಹುದು.

ಈ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಕೆಲಸಗಳಿದ್ದವು: ಮೀಥೇನ್ ಅಣುವನ್ನು ಇಂಗಾಲದ ನ್ಯಾನೊ ಕೊಳವೆಯಲ್ಲಿ ತೂರಿಸುವುದು, ಸುರುಳಿಯಾಕಾರದ ಅಣುವಿನ ತಿರುಚನ್ನು ಎದುರು ದಿಕ್ಕಿಗೆ ಹೊರಳಿಸುವುದು, ಪುಟ್ಟ ಪ್ರೋಟೀನ್ ಸರಪಳಿಗೆ ಗಂಟು ಹಾಕುವುದು. ಮೌಸ್, ಟಚ್‌ಸ್ಕ್ರೀನ್, ವಿಆರ್ ಮೂರರಲ್ಲೂ ಪರೀಕ್ಷೆ ನಡೆಯಿತು. ಗಂಟು ಹಾಕುವಲ್ಲಿ ವಿಆರ್ ಹತ್ತು ಪಟ್ಟಿನಷ್ಟು ವೇಗ ತೋರಿತು. ಕಾರಣ ಊಹಿಸುವುದು ಕಷ್ಟವಲ್ಲ. ದಾರದ ತುದಿ ಕುಣಿಕೆಯ ಹಿಂದಿನಿಂದ ಸುತ್ತಿ ಮುಂದೆ ಬರಬೇಕು, ಮೌಸ್ ಓಡಾಡುವುದೋ ಮೇಜಿನ ಚಪ್ಪಟೆ ಮೈಮೇಲೆ.

ಗುಂಪಿನ ಕಲಿಕೆಗೆ ಇನ್ನೊಂದು ಲಾಭ ಬೆರಳಿನದು. ವಿಡಿಯೊ ಕರೆಯಲ್ಲಿ ಮೂರು ಆಯಾಮದ ವಸ್ತುವನ್ನು ಚರ್ಚಿಸುವವರ ಅರ್ಧ ಹೊತ್ತು ‘ಅದು, ಆ ಎಡಗಡೆಯದು, ಅಲ್ಲ, ನನ್ನ ಎಡ’ ಎನ್ನುವುದರಲ್ಲೇ ಕಳೆಯುತ್ತದೆ. ಹಂಚಿಕೊಂಡ ಕೋಣೆಯಲ್ಲಿ ಬೆರಳು ತೋರಿದರೆ ಸಾಕು. ಎದುರು ನಿಂತವರಿಗೂ ಅದೇ ಜಾಗ ಕಾಣುತ್ತದೆ, ಅವರದೇ ಕೋನದಿಂದ. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಅಂಗರಚನಾ ಪಾಠ ನಿಂತಿರುವುದು ಇದರ ಮೇಲೆಯೇ. ಅಲ್ಲಿ ಬಳಸಿದ ಹೊಲೊಲೆನ್ಸ್ ಎಂಬ ಹೆಡ್‌ಸೆಟ್ ಹೊರಜಗತ್ತನ್ನು ಪೂರ್ತಿ ಮುಚ್ಚುವುದಿಲ್ಲ, ಅದರ ಮೇಲೆ ದೇಹದ ಮಾದರಿಯನ್ನು ಮೂಡಿಸುತ್ತದೆ. 2020ರ ಸಾಂಕ್ರಾಮಿಕದ ದಿನಗಳಲ್ಲಿ ಸುಮಾರು 185 ಮೊದಲ ವರ್ಷದ ವೈದ್ಯ ವಿದ್ಯಾರ್ಥಿಗಳು ಮನೆಯಲ್ಲೇ ಅದನ್ನು ಧರಿಸಿ ಕಲಿತರು.

ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲನ್‌ಸನ್ 2021ರಲ್ಲಿ ವಿಆರ್ ಕುರಿತ ಪಾಠವನ್ನು ವಿಆರ್ ಒಳಗೇ ನಡೆಸಿದರು. ವಾರಗಳು ಉರುಳಿದಂತೆ ವಿದ್ಯಾರ್ಥಿಗಳಲ್ಲಿ ತಾವೊಂದು ಗುಂಪೆಂಬ ಭಾವ ಬಲಿಯಿತು. ಆದರೂ ಒಂದೊಂದು ಕೂಟವನ್ನು ಅರ್ಧ ಗಂಟೆಯ ಆಸುಪಾಸಿಗೆ ಮೊಟಕುಗೊಳಿಸಬೇಕಾಯಿತು. ಹತ್ತಿರದ ವಸ್ತು ನೋಡುವಾಗ ಕಣ್ಣುಗಳು ಒಳಮುಖವಾಗಿ ತಿರುಗುತ್ತವೆ, ಫೋಕಸ್ ಮಾತ್ರ ಒಂದೇ ದೂರಕ್ಕೆ ಕಟ್ಟಿಹಾಕಿದಂತಿರುತ್ತದೆ. ಈ ಜಗ್ಗಾಟಕ್ಕೆ ಕಣ್ಣು ಬೇಗ ದಣಿಯುತ್ತದೆ.

ಒಳಗೆ ಇದ್ದೇವೆಂಬ ಭಾವವೇ ಕಲಿಕೆ ಎಂದುಕೊಳ್ಳುವಂತಿಲ್ಲ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗೀಡೊ ಮಕ್ರಾನ್ಸ್ಕಿ ಮತ್ತು ಸಂಗಡಿಗರು 52 ವಿದ್ಯಾರ್ಥಿಗಳಿಗೆ ಕೃತಕ ಪ್ರಯೋಗಾಲಯವನ್ನು ತೆರೆಯ ಮೇಲೂ ಹೆಡ್‌ಸೆಟ್‌ನಲ್ಲೂ ಒದಗಿಸಿ ನೋಡಿದರು. ಹೆಡ್‌ಸೆಟ್‌ನಲ್ಲಿ ಆ ಭಾವ ಹೆಚ್ಚಿತು, ಕಲಿತದ್ದು ಕಡಿಮೆಯಾಯಿತು. ಹೀಗಿರುವಾಗ ಕೃತಕ ಸಭಾಂಗಣ ಕಟ್ಟಿ ಅದರ ಗೋಡೆಯ ಮೇಲೆ ಸ್ಲೈಡ್ ತೋರಿಸುವುದು ಶುದ್ಧ ದುಂದು. ಆ ಸ್ಲೈಡಿನ ಅಕ್ಷರ ಲ್ಯಾಪ್‌ಟಾಪಿನಲ್ಲೇ ಸ್ಪಷ್ಟ.

ಕೃತಕ ಪ್ರಯೋಗಾಲಯ ತೆರೆಯ ಮೇಲೂ ನಡೆಯುತ್ತದೆ: ಸುರತ್ಕಲ್ಲಿನ ತಾಂತ್ರಿಕ ಸಂಸ್ಥೆ ಎನ್‌ಐಟಿಕೆ ಕೂಡ ಪಾಲುಗೊಂಡಿರುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆ ಹೆಡ್‌ಸೆಟ್ ಬೇಡುವುದಿಲ್ಲ, ಸಾಮಾನ್ಯ ಬ್ರೌಸರ್ ಸಾಕು. ತಲೆಗೊಂದು ಹೆಡ್‌ಸೆಟ್ ಕೊಳ್ಳಲಾಗದ ಕಾಲೇಜಿಗೆ ನಡುದಾರಿಯೂ ಉಂಟು: ಒಬ್ಬ ವಿದ್ಯಾರ್ಥಿ ಧರಿಸುತ್ತಾನೆ, ಅವನಿಗೆ ಕಾಣುವುದು ಪ್ರೊಜೆಕ್ಟರ್‌ನಲ್ಲಿ ಗೋಡೆಗೆ ಬೀಳುತ್ತದೆ, ಉಳಿದವರು ನೋಡುತ್ತ ದಾರಿ ಹೇಳುತ್ತಾರೆ. ಅವರ ಬೆರಳು ಅವನಿಗೆ ಕಾಣದು. ಅಲ್ಲಿ ಮತ್ತೆ ಶುರು: ‘ಎಡಕ್ಕೆ, ಇನ್ನೂ ಎಡಕ್ಕೆ, ಅಲ್ಲ ಮಾರಾಯ, ನಿನ್ನ ಎಡ!’