ತೈಲಧನದ ಸಂಚಾರಮಾರ್ಗ

1973ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅರಬ್ ರಾಷ್ಟ್ರಗಳಿಗೂ ಇಸ್ರೇಲಿಗೂ ಯುದ್ಧ ಸಂಭವಿಸಿದಾಗ ಒಂದು ಪೀಪಾಯಿ ಕಚ್ಚಾ ತೈಲದ ಬೆಲೆ ಸುಮಾರು 3 ಡಾಲರುಗಳಷ್ಟಿತ್ತು. ಮರುವರ್ಷದ ಜನವರಿಯ ವೇಳೆಗೆ ಅದರ ಘೋಷಿತ ಬೆಲೆ 11 ಡಾಲರುಗಳನ್ನು ಮೀರಿತು. 1960ರಲ್ಲಿ ಬಾಗ್ದಾದ್ ನಗರದಲ್ಲಿ ಐದು ರಾಷ್ಟ್ರಗಳು ಕೂಡಿ ಸ್ಥಾಪಿಸಿದ್ದ ಒಪೆಕ್ ಸಂಘಟನೆಯ ಹೆಸರು ಜಗತ್ತಿನ ಮನೆಮಾತಾಯಿತು. ಬೆಲೆಯೇರಿದ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಆ ಹಣ ಮುಂದೆ ಎಲ್ಲಿಗೆ ಹೋಯಿತು, ಯಾರ ಕೈಯಿಂದ ಯಾರ ಕೈಗೆ ದಾಟಿತು, ಕಡೆಯಲ್ಲಿ ಅದರ ಭಾರವನ್ನು ಹೊತ್ತವರಾರು ಎಂಬ ವಿಚಾರ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಈ ಹಣಕ್ಕೆ ಅರ್ಥಶಾಸ್ತ್ರಜ್ಞರು ‘ಪೆಟ್ರೋಡಾಲರ್’ ಎಂದು ನಾಮಕರಣ ಮಾಡಿದರು. ಪದದ ಹುಟ್ಟು ವಿನೋದಕರವಾಗಿದೆ. ಪೆಟ್ರೋಲಿಯಂ ಎಂದರೆ ಶಿಲಾತೈಲ. ಅದರ ಪೂರ್ವಪದಕ್ಕೆ ಶಿಲೆಯೆಂದೂ ಉತ್ತರಪದಕ್ಕೆ ತೈಲವೆಂದೂ ಅರ್ಥ. ಡಾಲರ್ ಎಂಬುದಾದರೋ ಬೊಹಿಮಿಯಾ ಪ್ರಾಂತದಲ್ಲಿ ಬೆಳ್ಳಿಯ ಗಣಿಯಿದ್ದ ಒಂದು ಕಣಿವೆಯ ಹೆಸರಿನಿಂದ ಬಂದ ಮಾತು. ಎರಡನ್ನೂ ಸಮಾಸ ಮಾಡುವಾಗ ಶಿಲೆ ಉಳಿದು ತೈಲವೇ ಜಾರಿಹೋಗಿದೆ. ವೈಯಾಕರಣರು ಒಪ್ಪಲಿ ಬಿಡಲಿ, ಲೋಕ ಒಪ್ಪಿಕೊಂಡಿತು.

ಸೌದಿ ಅರೇಬಿಯಾ, ಕುವೈತ್ ಮೊದಲಾದ ದೇಶಗಳ ಜನಸಂಖ್ಯೆ ಅಲ್ಪ. ಎಷ್ಟು ರಸ್ತೆ, ಎಷ್ಟು ಬಂದರು, ಎಷ್ಟು ಆಸ್ಪತ್ರೆಗಳನ್ನು ಕಟ್ಟಿಸಿದರೂ ಕೈಗೆ ಬಂದ ಹಣವೆಲ್ಲವೂ ಅಲ್ಲಿಯೇ ವೆಚ್ಚವಾಗುವಂತಿರಲಿಲ್ಲ. ಉಳಿದ ದ್ರವ್ಯದಲ್ಲಿ ಬಹುಭಾಗವನ್ನು ಅವರು ಲಂಡನ್ನಿನ ಹಾಗೂ ನ್ಯೂಯಾರ್ಕಿನ ದೊಡ್ಡ ಬ್ಯಾಂಕುಗಳಲ್ಲಿ ಅಲ್ಪಾವಧಿಯ ಠೇವಣಿಯಾಗಿ ಇರಿಸಿದರು. ಬಡ ದೇಶಗಳಿಗೆ ತಾವೇ ನೇರವಾಗಿ ದೊಡ್ಡ ಮೊತ್ತದ ಸಾಲ ಕೊಟ್ಟು ವಸೂಲಿಯ ಹೊಣೆ ಹೊರುವುದು ಅವರಿಗೆ ಬೇಕಿರಲಿಲ್ಲ.

ಠೇವಣಿಯನ್ನು ಸುಮ್ಮನೆ ಇಟ್ಟುಕೊಂಡರೆ ಬ್ಯಾಂಕಿಗೆ ನಷ್ಟ. ಠೇವಣಿದಾರನಿಗೆ ಬಡ್ಡಿ ತೆರಬೇಕಷ್ಟೆ. ತೈಲದ ಬೆಲೆಯೇರಿಕೆಯಿಂದ ಪಾಶ್ಚಾತ್ಯ ದೇಶಗಳ ಉದ್ಯಮಗಳು ಕುಗ್ಗಿ ಸಾಲ ಕೇಳುವವರು ಕಡಿಮೆಯಾಗಿದ್ದರು. ಅತ್ತ ಬ್ರೆಜಿಲ್ ದೇಶವು ತನಗೆ ಬೇಕಾದ ತೈಲದ ಬಹುಭಾಗವನ್ನು ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು; ಅದಕ್ಕೆ ತೈಲಕ್ಕೂ ಹಣ ಬೇಕು, ಅಣೆಕಟ್ಟುಗಳಿಗೂ ಹಣ ಬೇಕು. ಹೀಗೆ ಕೊಳ್ಳುವವನ ಕೈಯಿಂದ ಮಾರುವವನಿಗೆ ಹೋದ ಡಾಲರು ಬ್ಯಾಂಕನ್ನು ಹೊಕ್ಕು, ಸಾಲದ ರೂಪದಲ್ಲಿ ಕೊಳ್ಳುವವನಲ್ಲಿಗೇ ಮರಳಿ ಬಂದಿತು. ಒಂದೊಂದು ಸಾಲಕ್ಕೂ ಹಲವು ಬ್ಯಾಂಕುಗಳು ಕೂಟ ಕಟ್ಟಿ ಹಣ ಹೂಡುತ್ತಿದ್ದವು.

ಈ ವ್ಯವಹಾರದ ಮರ್ಮ ಅಡಗಿದ್ದುದು ಬಡ್ಡಿಯ ಕರಾರಿನಲ್ಲಿ. ಕನ್ನಡದ ‘ಬಡ್ಡಿ’ ಸಂಸ್ಕೃತದ ‘ವೃದ್ಧಿ’ಯ ತದ್ಭವವೆಂಬುದನ್ನು ವಾಚಕರು ಬಲ್ಲರು, ಇಲ್ಲಿ ಮಾತ್ರ ವೃದ್ಧಿಗೇ ವೃದ್ಧಿಯುಂಟಾಯಿತು. ಬ್ಯಾಂಕಿನ ಕೈಯಲ್ಲಿದ್ದ ಠೇವಣಿ ಕೆಲವೇ ತಿಂಗಳಿನದು, ಅದು ಕೊಟ್ಟ ಸಾಲ ಅನೇಕ ವರ್ಷಗಳದು. ನಡುವೆ ದರ ಏರಿದರೆ ಗತಿಯೇನು? ಅದಕ್ಕಾಗಿ ಬ್ಯಾಂಕುಗಳು ಸಾಲದ ದರವನ್ನು ಸ್ಥಿರಗೊಳಿಸದೆ, ಲಂಡನ್ನಿನ ಬ್ಯಾಂಕುಗಳು ಪರಸ್ಪರ ಕಡ ಕೊಡುವಾಗಿನ ‘ಲೈಬಾರ್’ ದರಕ್ಕೆ ಕಟ್ಟಿ, ಬಹುಮಟ್ಟಿಗೆ ಆರು ತಿಂಗಳಿಗೊಮ್ಮೆ ಪರಿಷ್ಕರಿಸುವಂತೆ ಬರೆಯಿಸಿಕೊಂಡವು. ಇಂದು ಬಳಕೆಯಿಂದ ಮರೆಯಾಗಿರುವ ಆ ದರವು 1977ರಲ್ಲಿ ಶೇಕಡ 6ರ ಆಸುಪಾಸಿನಲ್ಲಿತ್ತು. 1981ರಲ್ಲಿ ಶೇಕಡ 16ನ್ನು ದಾಟಿತು. 100 ಕೋಟಿ ಡಾಲರು ಸಾಲ ಪಡೆದ ದೇಶವು ವರ್ಷಕ್ಕೆ 6 ಕೋಟಿ ಬಡ್ಡಿಯೆಂದು ಲೆಕ್ಕ ಹಾಕಿದ್ದರೆ, ಹೊಸದಾಗಿ ಒಂದು ಡಾಲರನ್ನೂ ಪಡೆಯದೆಯೇ 16 ಕೋಟಿ ತೆರಬೇಕಾಯಿತು. ದರ ಏರುವ ಅಪಾಯವನ್ನು ಬ್ಯಾಂಕುಗಳು ನಾಜೂಕಾಗಿ ಸಾಲಗಾರನ ಹೆಗಲಿಗೆ ವರ್ಗಾಯಿಸಿದ್ದವು.

ದರ ಏರಿದ್ದಕ್ಕೆ ಕಾರಣ ಸಾಲಗಾರರ ತಪ್ಪಲ್ಲ. 1979ರ ಇರಾನಿನ ಕ್ರಾಂತಿಯ ತರುವಾಯ ತೈಲದ ಬೆಲೆ ಮತ್ತೊಮ್ಮೆ ನೆಗೆದು 30 ಡಾಲರುಗಳನ್ನು ಮೀರಿತು. ಅದೇ ವರ್ಷ ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥನಾದ ಪಾಲ್ ವೋಲ್ಕರ್ ತನ್ನ ದೇಶದ ಹಣದುಬ್ಬರವನ್ನು ಅಡಗಿಸಲು ಹಣದ ಪೂರೈಕೆಯನ್ನು ಬಿಗಿಗೊಳಿಸಿ, ಬಡ್ಡಿದರಗಳು ಎತ್ತರಕ್ಕೆ ಏರಲು ಬಿಟ್ಟನು. ಔಷಧ ಅಮೆರಿಕದ ಜ್ವರಕ್ಕೆ. ಪಥ್ಯ ಮೆಕ್ಸಿಕೋ, ಬ್ರೆಜಿಲ್, ಅರ್ಜೆಂಟೀನಗಳಿಗೆ.

ಮೆಕ್ಸಿಕೋ ತಾನೇ ತೈಲವನ್ನು ಮಾರುವ ದೇಶವಾಗಿತ್ತೆಂಬುದು ಇಲ್ಲಿ ಗಮನಾರ್ಹ. ನೆಲದಡಿಯ ತೈಲವೇ ಜಾಮೀನೆಂದು ಬ್ಯಾಂಕುಗಳು ಕೇಳಿದಷ್ಟು ಕೊಟ್ಟವು, ಸರಕಾರವೂ ಕೊಟ್ಟಷ್ಟು ಪಡೆಯಿತು. ತೈಲದ ಬೆಲೆ ಇಳಿಮುಖವಾಗಿ ಬಡ್ಡಿ ಏರುಮುಖವಾದಾಗ ಜಾಮೀನು ಜಾರಿತು. 1982ರ ಆಗಸ್ಟಿನಲ್ಲಿ ಅರ್ಥಮಂತ್ರಿ ಹೆಸೂಸ್ ಸಿಲ್ವ ಹೆರ್ಜೋಗ್, ಕಂತುಗಳನ್ನು ಕಟ್ಟಲು ಬೊಕ್ಕಸದಲ್ಲಿ ಡಾಲರುಗಳಿಲ್ಲವೆಂದು ತಿಳಿಸಿದನು. ದೇಶದ ಬಾಹ್ಯಸಾಲ ಸುಮಾರು 8,000 ಕೋಟಿ ಡಾಲರು. ಸಾಲ ಕೊಟ್ಟ ಬ್ಯಾಂಕುಗಳು ಐನೂರಕ್ಕೂ ಹೆಚ್ಚು. ಅಮೆರಿಕದ ಒಂಬತ್ತು ಅತಿದೊಡ್ಡ ಬ್ಯಾಂಕುಗಳು ಅಭಿವೃದ್ಧಿಶೀಲ ದೇಶಗಳಿಗೆ ಕೊಟ್ಟಿದ್ದ ಸಾಲವು ಅವುಗಳ ಸ್ವಂತ ಬಂಡವಾಳದ ಎರಡು ಪಟ್ಟನ್ನೂ ಮೀರಿತ್ತು. ಆದಕಾರಣ ಬ್ಯಾಂಕುಗಳನ್ನು ಉಳಿಸುವುದೇ ಮೊದಲ ಕಾರ್ಯವಾಯಿತು. ಹಳೆಯ ಸಾಲದ ಬಡ್ಡಿಗೆಂದು ಹೊಸ ಸಾಲ ಕೊಡಲಾಯಿತು. ಪ್ರತಿಯಾಗಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಷರತ್ತಿನಂತೆ ಸರಕಾರವು ವೆಚ್ಚವನ್ನು ಕಡಿತಗೊಳಿಸಿತು. ಕೂಲಿಯ ನೈಜಮೌಲ್ಯ ಕುಸಿಯಿತು, ಬಡವರ ಆಹಾರಕ್ಕೆ ಕೊಡುತ್ತಿದ್ದ ಸಹಾಯಧನ ಕುಗ್ಗಿತು. ಸಾಲಪತ್ರಕ್ಕೆ ರುಜು ಹಾಕಿದವರು ಒಬ್ಬರು, ತೀರಿಸಿದವರು ಮತ್ತೊಬ್ಬರು. ಅಸಲಿನಲ್ಲಿ ಶೇಕಡ 35ರಷ್ಟನ್ನು ಬಿಡುವುದು, ಇಲ್ಲವೆ ಶೇಕಡ 6.25ರ ಸ್ಥಿರ ಬಡ್ಡಿಗೆ ಒಪ್ಪುವುದು ಎಂಬ ಆಯ್ಕೆಗೆ ಬ್ಯಾಂಕುಗಳು ಮಣಿದುದು 1989ರ ಬ್ರಾಡಿ ಯೋಜನೆಯ ಬಳಿಕ. ಅಷ್ಟರಲ್ಲಿ ಏಳು ವರ್ಷಗಳು ಕಳೆದಿದ್ದವು.

ಭಾರತವು 1970ರ ದಶಕದಲ್ಲಿ ಬ್ಯಾಂಕುಗಳ ಈ ಹಾದಿಯಲ್ಲಿ ಹೆಚ್ಚು ದೂರ ಹೋಗಲಿಲ್ಲ; 1974ರಲ್ಲಿ ಹಣಕಾಸು ನಿಧಿಯು ತೆರೆದ ವಿಶೇಷ ತೈಲಸಾಲವನ್ನು ಆಶ್ರಯಿಸಿತು. ತೈಲಧನವು ಇಲ್ಲಿಗೆ ಬಂದ ಬಗೆಯೇ ಬೇರೆ. ಕೇರಳದಿಂದಲೂ, ಮಂಗಳೂರು, ಉಡುಪಿ, ಭಟ್ಕಳಗಳ ಕರಾವಳಿಯಿಂದಲೂ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರು ತಮ್ಮ ಸಂಬಳದಲ್ಲಿ ಉಳಿಸಿ ತಿಂಗಳು ತಿಂಗಳು ಮನೆಗೆ ಕಳುಹಿಸಿದ ಹಣ ಅದು. ಅದೂ ಬ್ಯಾಂಕಿನ ಮೂಲಕವೇ ಬಂದಿತು. ಆದರೆ ಅದನ್ನು ಯಾರಿಗೂ ಹಿಂದಿರುಗಿಸಬೇಕಾಗಿರಲಿಲ್ಲ.